ಕಿವಿ ತುದಿಯಿಲ್ಲದ ಬೆಕ್ಕುಗಳು

ಬೇಸಿಗೆಯಲ್ಲಿ ಬರುವ ಪ್ರವಾಸಿಗರು ಅರ್ಗಿರೊಳ ಫೋಟೊ ತೆಗೆಯುತ್ತಾರೆ. ಬೆಳಗಿನ ಆರೂವರೆ, ಐಸ್ ಕಾರ್ಖಾನೆಯ ಹಿಂದಿನ ಗೋಡೆ, ರಬ್ಬರ್ ಬೂಟು ಹಾಕಿ ಸೊಂಟಕ್ಕೆ ಒಂದು ಕೈ ಊರಿ ನಿಂತ ದಪ್ಪ ಹೆಂಗಸು, ಅವಳ ಕಾಲ ಸುತ್ತ ಮೂವತ್ತು ನಲವತ್ತು ಬೆಕ್ಕುಗಳು. ಫೋಟೊಗೆ ಚೆನ್ನಾಗಿಯೇ ಇರುತ್ತದೆ. ಒಮ್ಮೆ ಅಥೆನ್ಸಿನಿಂದ ಬಂದಿದ್ದ ಹುಡುಗಿಯೊಬ್ಬಳು ಅವಳನ್ನು ಕೇಳಿದಳು:

"ನಿಮಗೆ ಇವೆಲ್ಲ ಮಕ್ಕಳಿದ್ದ ಹಾಗೆ, ಅಲ್ವಾ?"

"ನನ್ನ ಮಕ್ಕಳು ಇಷ್ಟು ಗೋಳು ಹುಯ್ಕೊಂಡಿರ್ಲಿಲ್ಲಮ್ಮ," ಎಂದಳು ಅರ್ಗಿರೊ. "ಸ್ವಲ್ಪ ಆ ಕಡೆ ನಿಂತ್ಕೋ, ತಟ್ಟೆ ಮೇಲೆ ಕಾಲಿಡ್ತಿದ್ದೀಯ."

ಅವಳಿಗೆ ಬೆಕ್ಕುಗಳ ಮೇಲೆ ಅಂಥ ಪ್ರೀತಿಯೇನೂ ಇಲ್ಲ. ಈ ಮಾತನ್ನು ನಾನು ಧೈರ್ಯವಾಗಿ ಹೇಳಬಲ್ಲೆ. ದಕ್ಕೆಯ ಮೇಲೆ ಹಡಗಿನ ಟಿಕೆಟ್ ಕೊಡುವ ಅಂಗಡಿ ನನ್ನದು. ನನ್ನ ಕಿಟಕಿಗೂ ದೋಣಿಗಳು ಮೀನು ಇಳಿಸುವ ಕಟ್ಟೆಗೂ ನಡುವೆ ಇಪ್ಪತ್ತು ಹೆಜ್ಜೆ ದೂರ. ಅರ್ಗಿರೊ ಇಪ್ಪತ್ತೆರಡರ ಹುಡುಗಿಯಾಗಿದ್ದಾಗಿನಿಂದ ಆ ಕಟ್ಟೆ ತೊಳೆಯುತ್ತಿದ್ದಾಳೆ. ಈಗ ಅವಳಿಗೆ ಐವತ್ತೊಂಬತ್ತು. ಮೀನು ಮಾರಾಟವಾಗಿ ಗಂಡಸರು ಕಾಫಿ ಅಂಗಡಿ ಸೇರಿದ ಮೇಲೆ ಅವಳ ಕೆಲಸ ಶುರು. ಮೀನಿನ ಹುರುಪೆ, ಕರುಳು, ರಕ್ತ, ಐಸ್ ನೀರು ಎಲ್ಲವನ್ನೂ ಪೈಪು ಹಿಡಿದು ಸಮುದ್ರಕ್ಕೆ ತಳ್ಳಬೇಕು. ಮೀನು ಇದ್ದಲ್ಲಿ ಬೆಕ್ಕು ಇದ್ದೇ ಇರುತ್ತದೆ. ಅವಳು ಪೈಪು ತಿರುಗಿಸಿ ಅವುಗಳನ್ನು ಓಡಿಸುತ್ತಿದ್ದಳು; ಮರುಕ್ಷಣ ಅವು ವಾಪಸ್ಸು. ಇದೇ ಅವರ ಸಂಬಂಧವಾಗಿತ್ತು.

ಇನ್ನೊಂದು ಸಂಬಂಧವೂ ಇತ್ತು. ಹೇಳುವುದು ಕಷ್ಟ, ಆದರೆ ಹೇಳದಿದ್ದರೆ ಅವಳ ಕಥೆ ಅರ್ಥವಾಗುವುದಿಲ್ಲ.

ನಮ್ಮ ದ್ವೀಪದಲ್ಲಿ ಹಿಂದೆಲ್ಲ ವಸಂತ ಬಂತೆಂದರೆ ಪ್ರತಿ ಮನೆಯ ಅಟ್ಟದಲ್ಲಿ, ಒಲೆಯ ಹಿಂದೆ, ಕಟ್ಟಿಹಾಕಿದ ದೋಣಿಯೊಳಗೆ ಬೆಕ್ಕು ಮರಿ ಹಾಕುತ್ತಿತ್ತು. ಕಣ್ಣು ಬಿಡುವ ಮೊದಲೇ ಅವುಗಳನ್ನು ನೀರಿಗೆ ಹಾಕಿಬಿಡುವುದು ರೂಢಿ. ಆದರೆ ಯಾರು ಹಾಕಬೇಕು? ಗಂಡಸರು ಇದು ಹೆಂಗಸರ ಕೆಲಸ ಎನ್ನುತ್ತಿದ್ದರು. ಹೆಂಗಸರಿಗೆ ಕೈ ಬರುತ್ತಿರಲಿಲ್ಲ. ಅರ್ಗಿರೊಗೆ ಬರುತ್ತಿತ್ತು. ಮದುವೆಯಾದ ಹೊಸತರಲ್ಲಿ ಯಾರೋ ಅತ್ತುಕೊಂಡು ಚೀಲ ಹಿಡಿದು ನಿಂತಿದ್ದಾಗ "ಕೊಡಿ ಇಲ್ಲಿ" ಎಂದು ತೆಗೆದುಕೊಂಡು ಹೋಗಿ ಕೆಲಸ ಮುಗಿಸಿ ಬಂದಳಂತೆ. ಅಂದಿನಿಂದ ಊರಿನವರೆಲ್ಲ ಅವಳನ್ನೇ ಕರೆಯತೊಡಗಿದರು. ಅವಳು ಬಂದು, ಒಂದು ಬಕೆಟ್ ನೀರು ಕೇಳಿ, ಮನೆಯ ಹಿಂದಕ್ಕೆ ಹೋಗಿ, ಸ್ವಲ್ಪ ಹೊತ್ತಿನಲ್ಲಿ ಕೈ ತೊಳೆದುಕೊಂಡು ಹೊರಡುವಳು. ಮನೆಯವರು ಆರು ಮೊಟ್ಟೆಯನ್ನೋ ಒಂದು ತಟ್ಟೆ ಬಿಸ್ಕತ್ತನ್ನೋ ಬಟ್ಟೆ ಮುಚ್ಚಿ ಕೊಡುವರು. ನನ್ನ ತಾಯಿಯೂ ಕೊಟ್ಟಿದ್ದಾಳೆ. ಕರೆದುಕೊಂಡು ಬರಲು ಹೋದವನು ನಾನೇ. ಮತ್ತೆ ರಸ್ತೆಯಲ್ಲಿ ಅವಳು ಎದುರಾದರೆ ಚಿಕ್ಕ ಹುಡುಗಿಯರು ತಮ್ಮ ಬೆಕ್ಕನ್ನು ಲಂಗದಲ್ಲಿ ಮುಚ್ಚಿಕೊಳ್ಳುತ್ತಿದ್ದರು. ಅವಳನ್ನು ಕರೆಸುತ್ತಿದ್ದ ಹೆಂಗಸರೇ ಬೆನ್ನ ಹಿಂದೆ "ಕಲ್ಲುಹೃದಯ" ಎನ್ನುತ್ತಿದ್ದರು.

ಹೀಗೆ ಇಪ್ಪತ್ತು ವರ್ಷಕ್ಕೂ ಹೆಚ್ಚು ನಡೆಯಿತು.

ವಾಂಗೆಲಿಯೊ ಅವಳ ಬಾಲ್ಯದ ಗೆಳತಿ. ದಕ್ಕೆಯ ತುದಿಯಲ್ಲಿ ಊಟದ ಹೋಟೆಲು ನಡೆಸುತ್ತಾಳೆ. ಕಲ್ಲಂಗಳದಲ್ಲಿ ನೀಲಿ ಕುರ್ಚಿಗಳು, ಹಗ್ಗದ ಮೇಲೆ ಒಣಗಲು ಹಾಕಿದ ಆಕ್ಟೋಪಸ್‌ಗಳು. ಆ ಹೋಟೆಲಿನ ಸೌದೆ ಕೋಣೆಯಲ್ಲಿ ಬೂದು ಬಣ್ಣದ ಒಂದು ಬೆಕ್ಕು ವರ್ಷಕ್ಕೆ ಎರಡು ಸಲ ಮರಿ ಹಾಕುತ್ತಿತ್ತು. ಪ್ರತಿ ಸಲವೂ ಅರ್ಗಿರೊ ಹೋಗುತ್ತಿದ್ದಳು. ಮೊದಲ ಸಲ ಆ ತಾಯಿ ಬೆಕ್ಕು ಅವಳ ಕೈಯನ್ನು ಮೊಣಕೈವರೆಗೆ ಪರಚಿತು. ಎರಡನೆಯ ಸಲ ದಕ್ಕೆಯುದ್ದಕ್ಕೂ ಕೂಗುತ್ತ ಹಿಂದೆ ಬಂತು. ಏಳನೆಯ ಸಲವೋ ಎಂಟನೆಯ ಸಲವೋ, ಅರ್ಗಿರೊ ಬಕೆಟ್ಟಿಗೆ ನೀರು ತುಂಬುತ್ತಿರುವಾಗ ಅದು ಸೌದೆ ಕೋಣೆಯಿಂದ ಹೊರಬಂದು ಬಕೆಟ್ಟಿನ ಪಕ್ಕದಲ್ಲಿ ಕುಳಿತುಕೊಂಡಿತು. ಮೈಯ ಎಲುಬೆಲ್ಲ ಕಾಣುತ್ತಿತ್ತು. ಕೂಗಲಿಲ್ಲ, ಪರಚಲಿಲ್ಲ. ಕಾಯುತ್ತಿರುವಂತೆ ಸುಮ್ಮನೆ ಕುಳಿತಿತ್ತು.

ಅರ್ಗಿರೊ ಬಕೆಟ್ಟನ್ನು ಮಗುಚಿದಳು.

"ಯಾಕೇ, ಏನಾಯ್ತು?" ಎಂದಳು ವಾಂಗೆಲಿಯೊ, ಅಡುಗೆಮನೆಯ ಬಾಗಿಲಿನಿಂದ.

"ಅದಕ್ಕೂ ಸಾಕಾಗಿದೆ, ನನಗೂ ಸಾಕಾಗಿದೆ. ಇನ್ಮೇಲೆ ನನ್ನ ಕರೀಬೇಡಿ."

"ಹಾಗಂದ್ರೆ ಹೇಗೇ? ಈ ಮರಿಗಳನ್ನ ಏನು ಮಾಡ್ಲಿ ನಾನು?"

"ನಂಗೊತ್ತಿಲ್ಲ. ನೀನೇ ಹಾಕು ನೀರಿಗೆ."

ವಾಂಗೆಲಿಯೊ ಹಾಕಲಿಲ್ಲ. ಊರಲ್ಲಿ ಬೇರೆ ಯಾರೂ ಹಾಕಲಿಲ್ಲ. ಅರ್ಗಿರೊ ಕೈಬಿಟ್ಟ ಮೂರು ವರ್ಷಗಳಲ್ಲಿ ದಕ್ಕೆಯ ತುಂಬ ಬೆಕ್ಕಾಯಿತು. ಕಣ್ಣಿಗೆ ಕೀವು ಕಟ್ಟಿದ ಮರಿಗಳು, ಕಾರಿನ ಅಡಿ ಸಿಕ್ಕ ಮರಿಗಳು, ಗಂಡು ಬೆಕ್ಕುಗಳ ಜಗಳ, ಬಾಗಿಲು ಬಾಗಿಲಿಗೂ ಅವುಗಳ ಉಚ್ಚೆಯ ಘಾಟು. ಊರಿನವರು ಅರ್ಗಿರೊಳನ್ನೇ ದೂರಿದರು. ಅವಳೇನೋ ಹೊಟ್ಟೆಪಾಡಿನ ಕೆಲಸ ಬಿಟ್ಟು ಮುಷ್ಕರ ಹೂಡಿದ್ದಾಳೆ ಎಂಬಂತೆ.

ಆ ಹೊತ್ತಿಗೆ ಮೆಲ್ಪೊ ಎಂಬ ಪಶುವೈದ್ಯೆ ಮೇಕೆಗಳಿಗೆ ಚುಚ್ಚುಮದ್ದು ಹಾಕಲು ರೋಡ್ಸ್ ದ್ವೀಪದಿಂದ ಬಂದರು. ವಾಪಸ್ಸು ಹೋಗುವ ದಿನ ಗಾಳಿ ಜೋರಾಗಿ ಹಡಗು ನಿಂತಿತು. ಮೂರು ದಿನ ಅವರು ನನ್ನ ಅಂಗಡಿಯ ಬೆಂಚಿನ ಮೇಲೆ ಕೂತು ಸಿಗರೇಟು ಸೇದಿದರು. ಅರ್ಗಿರೊ ಪೈಪು ಹಿಡಿದು ಬೆಕ್ಕು ಓಡಿಸುವುದನ್ನು ನೋಡುತ್ತಿದ್ದವರು ಎರಡನೆಯ ದಿನ ಅವಳನ್ನು ಒಳಗೆ ಕರೆದು ವಿಷಯ ತೆಗೆದರು. ಬೋನು ಇಟ್ಟು ಹಿಡಿಯುವುದು, ಹೆಣ್ಣಿಗೂ ಗಂಡಿಗೂ ಮರಿಯಾಗದಂತೆ ಆಪರೇಷನ್ ಮಾಡುವುದು, ಗುರುತಿಗೆ ಎಡಗಿವಿಯ ತುದಿಯನ್ನು ಚೂರು ಕತ್ತರಿಸುವುದು, ಆಮೇಲೆ ಹಿಡಿದ ಜಾಗದಲ್ಲೇ ತಂದು ಬಿಡುವುದು.

"ಹಿಡಿದ ಜಾಗದಲ್ಲೇ?" ಅರ್ಗಿರೊಗೆ ಇದು ತಮಾಷೆಯಾಗಿ ಕಂಡಿತು. "ಅಷ್ಟೆಲ್ಲ ಕಷ್ಟಪಟ್ಟು ಹಿಡಿದು ಮತ್ತೆ ಇಲ್ಲೇ ತಂದು ಬಿಡೋದಾ ಡಾಕ್ಟ್ರೇ? ದೂರ ಎಲ್ಲಾದ್ರೂ ಬಿಟ್ಟುಬಂದ್ರೆ ಆಗಲ್ವಾ?"

"ದೂರ ಬಿಟ್ರೆ ಇಲ್ಲಿ ಜಾಗ ಖಾಲಿಯಾಗುತ್ತೆ. ಮೀನಿರುತ್ತೆ, ಜಾಗ ಇರುತ್ತೆ, ಗುಡ್ಡದ ಮೇಲಿನ ಮೇಲೂರಿನ ಬೆಕ್ಕುಗಳು ಇಳಿದು ಬರ್ತವೆ. ಆರು ತಿಂಗಳಲ್ಲಿ ಮತ್ತೆ ಅಷ್ಟೇ. ಇವೇ ಇಲ್ಲಿದ್ರೆ ಹೊಸಬರನ್ನ ಒಳಗೆ ಬಿಡಲ್ಲ, ಮರೀನೂ ಹಾಕಲ್ಲ. ಕೂತ್ಕೊಂಡು ಮುದಿಯಾಗ್ತವೆ."

"ಎಷ್ಟು ವರ್ಷ ಆಗುತ್ತೆ ಮುಗಿಯೋಕೆ?"

ಮೆಲ್ಪೊ ಹೊಗೆ ಬಿಟ್ಟು ನಕ್ಕರು. "ಮುಗಿಯುತ್ತೆ ಅಂತ ಯಾರು ಹೇಳಿದ್ರು? ಕಡಿಮೆ ಆಗುತ್ತೆ."

ಅರ್ಗಿರೊ ಏಪ್ರನ್ನಿಗೆ ಕೈ ಒರೆಸಿಕೊಂಡು, "ಬೋನು ಎಲ್ಲಿ ಸಿಗುತ್ತೆ?" ಎಂದು ಕೇಳಿದಳು.

ಅವಳ ಗಂಡ ಅನೆಸ್ತಿಸ್ ದೋಣಿಗಳ ಬಿರುಕು ಮುಚ್ಚುವ ಕೆಲಸದವನು. ಮಾತು ಕಡಿಮೆ. ಬೋನು ಮಾಡಿಕೊಡು ಎಂದಾಗ ಏನೂ ಕೇಳದೆ ಏಡಿ ಹಿಡಿಯುವ ತಂತಿಬಲೆಯಿಂದ ಐದು ಬೋನು ಮಾಡಿದ. ಬೆಕ್ಕು ಒಳಗೆ ಹೋಗಿ ಹಲಗೆ ತುಳಿದರೆ ಹಿಂದೆ ಬಾಗಿಲು ಬೀಳಬೇಕು. ಮೊದಲ ಬೋನಿನ ಬಾಗಿಲು ಎಷ್ಟು ಜೋರಾಗಿ ಬಿದ್ದಿತೆಂದರೆ ದಕ್ಕೆಯ ಬೆಕ್ಕುಗಳೆಲ್ಲ ಎರಡು ದಿನ ಮಾಯವಾದವು. ಬಾಗಿಲಂಚಿಗೆ ಹಳೆಯ ಚಾಪೆ ಹೊಲಿದ ಮೇಲೆ ಸರಿಹೋಯಿತು.

ಕಾಫಿ ಅಂಗಡಿಯಲ್ಲಿ ಆ ಚಳಿಗಾಲ ಬೇರೆ ಮಾತಿರಲಿಲ್ಲ.

"ಹಲ್ಲು ಕೀಳಿಸಬೇಕಾದ್ರೆ ನಾವು ಹಡಗು ಹತ್ತಬೇಕು. ಬೆಕ್ಕಿಗೆ ಮಾತ್ರ ಡಾಕ್ಟ್ರು ಮನೆ ಬಾಗಿಲಿಗೇ ಬರ್ತಾರೆ!"

"ಹೆಣ್ಣು ಬೆಕ್ಕಿಗೆ ಮಾಡ್ಲಿ, ಬೇಡ ಅನ್ನಲ್ಲ. ಗಂಡು ಪಾಪ ಏನು ಮಾಡಿತ್ತು?"

"ಅನೆಸ್ತಿಸ್, ರಾತ್ರಿ ಬಾಗಿಲು ಹಾಕ್ಕೊಂಡು ಮಲಕ್ಕೋ ಮಾರಾಯ. ನಿನ್ನ ಹೆಂಡ್ತಿ ಕೈಯಲ್ಲಿ ಬೋನಿದೆ."

ಅನೆಸ್ತಿಸ್ ಕಾಫಿಯ ಗಸಿಯನ್ನು ನೋಡುತ್ತ ಹೇಳಿದ: "ಮೂವತ್ತು ವರ್ಷದ ಹಿಂದೇನೇ ಸಿಕ್ಕಿಹಾಕ್ಕೊಂಡಿದ್ದೀನಿ. ಈಗ ಭಯ ಎಂಥದು?"

ಮೊದಲ ಸಲ ಮೆಲ್ಪೊ ಪೆಟ್ಟಿಗೆ ಹೊತ್ತು ಬಂದಾಗ ಹಳೆಯ ಸುಂಕದ ಕಟ್ಟೆಯ ಉಗ್ರಾಣದ ಬೀಗ ತೆಗೆದವನು ನಾನು. ಹಿಂದಿನ ದಿನವೆಲ್ಲ ಅರ್ಗಿರೊ ಬೆಕ್ಕುಗಳಿಗೆ ಏನೂ ಹಾಕಿರಲಿಲ್ಲ. ಬೆಳಕು ಹರಿಯುವಾಗ ಎಣ್ಣೆಯಲ್ಲಿ ನೆನೆಸಿದ ಬಂಗುಡೆ ಮೀನು ಇಟ್ಟ ಬೋನುಗಳನ್ನು ಬಲೆಗಳ ರಾಶಿಯ ನಡುವೆ ಇಟ್ಟಳು. ಬೋನಿಗೆ ಬಿದ್ದ ಬೆಕ್ಕು ಮೊದಲು ಹುಚ್ಚೆದ್ದಂತೆ ಹಾರಾಡುತ್ತದೆ. ಮೇಲೆ ಹೊದಿಕೆ ಹಾಕಿ ಕತ್ತಲು ಮಾಡಿದರೆ ತಣ್ಣಗಾಗುತ್ತದೆ. ಎರಡು ದಿನದಲ್ಲಿ ಹದಿನಾಲ್ಕು ಬೆಕ್ಕುಗಳಿಗೆ ಆಪರೇಷನ್ ಆಯಿತು. ನಾನು ನೀರು ಕಾಯಿಸಿದೆ, ದೀಪ ಹಿಡಿದೆ. ಅರ್ಗಿರೊ ಅವು ಎಚ್ಚರವಾಗುವವರೆಗೆ ಒಂದೊಂದನ್ನೂ ಟವೆಲಿನಲ್ಲಿ ಸುತ್ತಿ ಸಾಲಾಗಿ ಮಲಗಿಸಿ, ನಾಲಗೆ ಬಾಯಿಗೆ ಅಡ್ಡ ಬಿದ್ದಿದೆಯೇ ಎಂದು ನೋಡುತ್ತ, ಸ್ಟೂಲಿನ ಮೇಲೆ ಕೂತಿದ್ದಳು. ಮುಖದಲ್ಲಿ ಕರುಣೆಯೂ ಇರಲಿಲ್ಲ, ಏನೂ ಇರಲಿಲ್ಲ. ಬಲೆ ರಿಪೇರಿ ಮಾಡುವವರ ಮುಖದ ಹಾಗಿತ್ತು.

ಆ ಬೂದು ಬೆಕ್ಕು ಬೋನಿಗೆ ಬೀಳಲು ಒಂದೂವರೆ ವರ್ಷ ಬೇಕಾಯಿತು. ಬಂಗುಡೆಯನ್ನು ದೂರದಿಂದ ಮೂಸಿ ಹೋಗಿಬಿಡುತ್ತಿತ್ತು. ಕೊನೆಗೆ ಅರ್ಗಿರೊ ಬುಟ್ಟಿಯೊಂದನ್ನು ಕೋಲಿಗೆ ಆನಿಸಿ, ಕೋಲಿಗೆ ದಾರ ಕಟ್ಟಿ, ಹನ್ನೆರಡು ದಿನ ಮುಂಜಾನೆ ಚಳಿಯಲ್ಲಿ ದಾರದ ತುದಿ ಹಿಡಿದು ಕಾದಳು. ಹದಿಮೂರನೆಯ ದಿನ ದಾರ ಎಳೆದಳು. ಆ ಚಳಿಗೆ ಅವಳ ಬಲ ಭುಜ ಹಿಡಿದುಕೊಂಡದ್ದು ಇಂದಿಗೂ ಬಿಟ್ಟಿಲ್ಲ.

ಮೆಲ್ಪೊ ವರ್ಷಕ್ಕೆ ಎರಡು ಸಲ ಬಂದರು. ಏಳು ವರ್ಷ. ಈ ಏಳು ವರ್ಷದಲ್ಲಿ ಅರ್ಗಿರೊ ಒಂದೇ ಮಾತನ್ನು ಎಷ್ಟು ಜನರಿಗೆ ಎಷ್ಟು ಸಲ ಹೇಳಿದಳೋ. ಹೋಟೆಲಿನವರಿಗೆ: ಎಂಜಲು ಹೊರಗೆ ಚೆಲ್ಲಬೇಡಿ, ಬೆಳಿಗ್ಗೆ ನಾನು ಹಾಕ್ತೀನಿ, ಅರ್ಧ ಗಂಟೆಗೆ ತಟ್ಟೆ ಎತ್ತಿಬಿಡ್ತೀನಿ, ಇಲಿ ಬರಲ್ಲ. ಪ್ರವಾಸಿಗರಿಗೆ: ಹಾಲು ಹಾಕಬೇಡಿ, ಭೇದಿ ಆಗುತ್ತೆ. ಮೇಲೂರಿನವರಿಗೆ: ನಿಮ್ಮ ಮರಿಗಳನ್ನ ರಟ್ಟಿನ ಡಬ್ಬಿಯಲ್ಲಿ ತಂದು ನನ್ನ ಬಾಗಿಲಲ್ಲಿ ಇಡಬೇಡಿ. ಅವರು ಇಟ್ಟರು. ಕಟ್ಟೆ ತೊಳೆಯುವ ಮೊದಲು ಬೆಕ್ಕು, ತೊಳೆದ ಮೇಲೆ ಬೆಕ್ಕು. ಐದನೆಯ ವಸಂತದಲ್ಲಿ ದಕ್ಕೆಯ ಮೇಲೆ ಒಂದೇ ಒಂದು ಮರಿ ಹುಟ್ಟಲಿಲ್ಲ. ಜಗಳವಿಲ್ಲ, ಘಾಟಿಲ್ಲ. ಎಪ್ಪತ್ತರಷ್ಟಿದ್ದ ಬೆಕ್ಕುಗಳು ನಲವತ್ತಕ್ಕೆ ಇಳಿದವು. ಎಲ್ಲದರ ಎಡಗಿವಿಯೂ ಮೊಟಕು, ಎಲ್ಲವೂ ದುಂಡಗೆ, ಸೋಮಾರಿಯಾಗಿ, ಬಲೆಗಳ ಮೇಲೆ ಬಿಸಿಲು ಕಾಯಿಸುತ್ತ ಬಿದ್ದಿರುತ್ತಿದ್ದವು. ಹಾಗಾದದ್ದನ್ನು ಊರಿನಲ್ಲಿ ಯಾರೂ ಗಮನಿಸಲಿಲ್ಲ. ಮೊದಲಿಂದಲೂ ಹೀಗೇ ಇತ್ತೇನೋ ಎಂದುಕೊಂಡರು.

ಎಂಟನೆಯ ವರ್ಷ, ಈಸ್ಟರಿಗೆ ಮುಂಚಿನ ವಾರ.

ಬುಧವಾರ ಬೆಳಿಗ್ಗೆ ನಾನು ಅಂಗಡಿ ತೆರೆಯುವಾಗ ಅರ್ಗಿರೊ ಐಸ್ ಕಾರ್ಖಾನೆಯ ಹಿಂದಿನಿಂದ ಬಂದಳು. ಎರಡು ಕೈಯಲ್ಲಿ ಒಂದು ಮೀನಿನ ಪೆಟ್ಟಿಗೆ.

"ಸ್ತಮಾತಿಸ್, ಇನ್ನೆರಡು ಪೆಟ್ಟಿಗೆ ಇದ್ರೆ ಕೊಡು."

ಪೆಟ್ಟಿಗೆಯೊಳಗೆ ಬೆಕ್ಕುಗಳಿದ್ದವು. ಬಾಯಲ್ಲಿ ನೊರೆ, ಕಾಲುಗಳು ಕೋಲಿನಂತೆ ಸೆಟೆದುಕೊಂಡಿದ್ದವು. ಯಾರೋ ಮಾಂಸದುಂಡೆಯೊಳಗೆ ವಿಷ ಸೇರಿಸಿ ಗೋಡೆಯುದ್ದಕ್ಕೂ ಇಟ್ಟಿದ್ದರು. ದೋಣಿಗಳ ಕೆಳಗೆ, ಬಲೆಗಳ ಮಡಿಕೆಯಲ್ಲಿ, ಚರ್ಚಿನ ಮೆಟ್ಟಿಲ ಮೇಲೆ, ಮಧ್ಯಾಹ್ನದವರೆಗೂ ಸಿಗುತ್ತಲೇ ಇದ್ದವು. ಇಪ್ಪತ್ತಾರು. ಆ ಬೂದು ಬೆಕ್ಕೂ ಅದರಲ್ಲಿತ್ತು. ಅರ್ಗಿರೊ ಅಳಲಿಲ್ಲ, ಯಾರನ್ನೂ ಬಯ್ಯಲಿಲ್ಲ. ಉಳಿದ ಉಂಡೆಗಳನ್ನು ಹುಡುಕಿ ಚಿಮಟದಲ್ಲಿ ಎತ್ತಿ ಡಬ್ಬಿಗೆ ಹಾಕಿದಳು, ಮಕ್ಕಳು ಮುಟ್ಟಿಯಾರೆಂದು. ಆಮೇಲೆ ಎಂದಿನಂತೆ ಪೈಪು ಬಿಚ್ಚಿ ಕಟ್ಟೆ ತೊಳೆದಳು. ಅಂದು ಪೈಪಿಗೆ ಅಡ್ಡ ಬರುವವರು ಯಾರೂ ಇರಲಿಲ್ಲ.

ಮಾರನೆಯ ದಿನ ಊರೆಲ್ಲ ಮೊಟ್ಟೆಗೆ ಕೆಂಪು ಬಣ್ಣ ಹಾಕುವ ಗಡಿಬಿಡಿ. ಮೆಲ್ಪೊ ಕೊಟ್ಟಿದ್ದ ಮಾತ್ರೆಗಳ ಪೊಟ್ಟಣ ಕೊಡಲೆಂದು ನಾನು ಅರ್ಗಿರೊಳ ಮನೆಗೆ ಹೋಗಿದ್ದೆ. ಬದುಕಿದವುಗಳಲ್ಲಿ ಮೂರು ಇನ್ನೂ ನಡುಗುತ್ತಿದ್ದವು. ಆಗಲೇ ವಾಂಗೆಲಿಯೊ ಬಾಗಿಲಿಗೆ ಬಂದಳು. ಕೈಯಲ್ಲಿ ಬಟ್ಟೆ ಮುಚ್ಚಿದ ಹಬ್ಬದ ಸಿಹಿ ಬ್ರೆಡ್ಡು. ಒಳಗೆ ಬರಲಿಲ್ಲ, ಹೊಸ್ತಿಲಲ್ಲೇ ನಿಂತಳು.

"ಈ ವರ್ಷ ಬೇಗ ಮಾಡ್ಬಿಟ್ಟಿದ್ದೀಯಲ್ಲ," ಎಂದಳು ಅರ್ಗಿರೊ. ನಮ್ಮಲ್ಲಿ ಆ ಬ್ರೆಡ್ಡು ಶನಿವಾರದವರೆಗೆ ಯಾರ ಮನೆಯಿಂದಲೂ ಹೊರಗೆ ಬರುವುದಿಲ್ಲ.

ವಾಂಗೆಲಿಯೊ ಬಟ್ಟೆಯ ಅಂಚನ್ನು ಸರಿಮಾಡುತ್ತ ನಿಂತಳು.

"ನೀನಾ?" ಎಂದಳು ಅರ್ಗಿರೊ.

"ನಾನಲ್ಲ. ದೇವರಾಣೆ ನಾನಲ್ಲ. ಥ್ರಾಸೊಸ್." ಥ್ರಾಸೊಸ್ ಅವಳ ಅಳಿಯ, ಹೋಟೆಲಿನ ವ್ಯವಹಾರ ನೋಡಿಕೊಳ್ಳುವವನು. "ಹೋದ ವರ್ಷ ಯಾರೋ ಗಿರಾಕಿಗಳು ಇಂಟರ್ನೆಟ್ಟಲ್ಲಿ ಬರೆದಿದ್ರಂತೆ, ಮೇಜಿನ ಕೆಳಗೆಲ್ಲ ಬೆಕ್ಕು ಅಂತ. ಈ ಸಲ ದೊಡ್ಡ ಗುಂಪು ಬರುತ್ತೆ, ಅದಕ್ಕೆ ಮುಂಚೆ... ಅವನು ಉಂಡೆ ಕಟ್ತಾ ಇದ್ದ. ನಾನು ನೋಡ್ದೆ, ಅರ್ಗಿರೊ. ಏನಕ್ಕೆ ಅಂತ ಗೊತ್ತಾಯ್ತು. ಗೊತ್ತಾದ್ರೂ ಸುಮ್ನೆ ಒಳಗೆ ಹೋದೆ."

ಅರ್ಗಿರೊ ನಡುಗುತ್ತಿದ್ದ ಒಂದು ಬೆಕ್ಕಿಗೆ ಟವೆಲು ಸರಿಯಾಗಿ ಹೊದಿಸಿದಳು.

"ಬೈಯೇ," ಎಂದಳು ವಾಂಗೆಲಿಯೊ. "ಏನಾದ್ರೂ ಅನ್ನು."

"ನಿನ್ನ ಬಯ್ಯೋಕೆ ನಂಗೆ ಬಾಯಿಲ್ಲ ಕಣೇ. ಅವನು ಇಪ್ಪತ್ತಾರು ಕೊಂದ. ನಾನು ಎಷ್ಟು ಅಂತ ನನಗೇ ಲೆಕ್ಕ ಗೊತ್ತಿಲ್ಲ." ಅರ್ಗಿರೊ ಬ್ರೆಡ್ಡು ತೆಗೆದುಕೊಳ್ಳಲಿಲ್ಲ. "ಆದ್ರೆ ನಾಳೆ ಬೆಳಿಗ್ಗೆ ಸ್ಟೇಷನ್ನಿಗೆ ಹೋಗ್ತೀನಿ. ಅವನ ಹೆಸರು ಬರೆಸ್ತೀನಿ."

"ಅರ್ಗಿರೊ! ಹಬ್ಬ!"

"ಬಯ್ಯೋದು ಬೇರೆ, ಬರೆಸೋದು ಬೇರೆ. ಇವತ್ತು ಅವನು ಉಂಡೆ ಇಟ್ಟ, ನಾಳೆ ಇನ್ನೊಬ್ಬ ಇಡ್ತಾನೆ. ಹೋಗು, ಬ್ರೆಡ್ಡು ಆರಿಹೋಗುತ್ತೆ."

ಶುಭ ಶುಕ್ರವಾರ ಊರಿಗೆ ಊರೇ ಚರ್ಚಿಗೆ ಹೂ ಹೊತ್ತು ಹೋಗುವಾಗ ಅರ್ಗಿರೊ ವಿಷದ ಉಂಡೆಗಳ ಡಬ್ಬಿ ಹಿಡಿದುಕೊಂಡು ಎದುರು ದಿಕ್ಕಿಗೆ ನಡೆದಳು. ಪೊಲೀಸಿನವನು ಹಬ್ಬ ಮುಗಿಯಲಿ ಎಂದ. ಅವಳು ಬೆಂಚಿನ ಮೇಲೆ ಕೂತಳು. ಮಧ್ಯಾಹ್ನದ ಹೊತ್ತಿಗೆ ಅವನು ಕಾಗದ ತೆಗೆದ. ಪ್ರಾಣಿಗಳಿಗೆ ವಿಷ ಹಾಕುವುದು ನಮ್ಮಲ್ಲಿ ದೊಡ್ಡ ಅಪರಾಧ; ಥ್ರಾಸೊಸ್‌ಗೆ ಒಂದು ವರ್ಷದ ಶಿಕ್ಷೆಯೂ ಆಯಿತು, ಆದರೆ ಮತ್ತೆ ತಪ್ಪು ಮಾಡದಿದ್ದರೆ ಜೈಲಿಗೆ ಹೋಗಬೇಕಾಗಿಲ್ಲ ಎಂಬ ಷರತ್ತಿನ ಮೇಲೆ. ಜೈಲಿಗೆ ಹೋದವರ ಹಾಗೆ ಊರು ನಡೆಸಿಕೊಂಡದ್ದು ಅರ್ಗಿರೊಳನ್ನು. ಬೆಕ್ಕಿಗೋಸ್ಕರ ಮನುಷ್ಯನ ಮೇಲೆ ದೂರು ಕೊಟ್ಟವಳು. ಅನೆಸ್ತಿಸ್‌ಗೆ ದೋಣಿ ಕೆಲಸ ಕೊಡುವವರು ಕಡಿಮೆಯಾದರು. ಮೂರು ಬೋನುಗಳನ್ನು ಯಾರೋ ತುಳಿದು ಚಪ್ಪಟೆ ಮಾಡಿ ಅವಳ ಮೆಟ್ಟಿಲ ಮೇಲೆ ಇಟ್ಟುಹೋದರು. ಅವಳು, ವಾಂಗೆಲಿಯೊ ಇಬ್ಬರೂ ಪರಸ್ಪರ ಮಾತು ಬಿಟ್ಟರು.

ಆ ವರ್ಷ ಅರ್ಗಿರೊ ತಟ್ಟೆ ಇಡುವುದನ್ನು ಬಿಡಲಿಲ್ಲ, ಆದರೆ ಬೋನು ಮುಟ್ಟಲಿಲ್ಲ. ಮೆಲ್ಪೊ ಫೋನು ಮಾಡಿದರೆ "ಸುಸ್ತಾಗಿದೆ ಡಾಕ್ಟ್ರೇ" ಎಂದಷ್ಟೇ ಹೇಳಿ ಇಡುತ್ತಿದ್ದಳು. ಕೆಲಸ ಮುಗಿಸಿ ಪೆಟ್ಟಿಗೆಯ ಮೇಲೆ ಕೂತರೆ ಏಳಲು ಕಾಲು ಗಂಟೆ ಬೇಕಾಗುತ್ತಿತ್ತು. ನಾನು ಕಿಟಕಿಯಿಂದ ನೋಡುತ್ತಿದ್ದೆ. ನೋಡುವುದಲ್ಲದೆ ಬೇರೇನೂ ಮಾಡಲಿಲ್ಲ. ಟಿಕೆಟ್ ಕೊಡುವವನಿಗೆ ಎಲ್ಲರೂ ಬೇಕು.

ಬೇಸಿಗೆ ಮುಗಿಯುವ ಹೊತ್ತಿಗೆ ಮೇಲೂರಿನ ಬೆಕ್ಕುಗಳು ಇಳಿದು ಬಂದವು. ಕಸ ಸುರಿಯುವ ಜಾಗದಿಂದ ಇನ್ನಷ್ಟು. ತೆಳ್ಳಗೆ, ಒರಟಾಗಿ, ಎರಡೂ ಕಿವಿ ಪೂರ್ತಿ ಇದ್ದವು. ಅಳಿದುಳಿದ ಮೊಟಕು ಕಿವಿಯ ಹದಿನೈದು ಅವುಗಳಿಗೆ ಎದುರು ನಿಲ್ಲಲಾಗದೆ ಐಸ್ ಕಾರ್ಖಾನೆಯ ಮೂಲೆ ಸೇರಿದವು. ಮುಂದಿನ ವಸಂತದಲ್ಲಿ ವಾಂಗೆಲಿಯೊಳ ಹೋಟೆಲಿನಲ್ಲೇ ನಾಲ್ಕು ಕಡೆ ಮರಿ: ಸೌದೆ ಕೋಣೆಯಲ್ಲಿ, ಹಿಟ್ಟಿನ ಚೀಲಗಳ ಹಿಂದೆ, ಮೇಜುಬಟ್ಟೆಯ ಕಪಾಟಿನಲ್ಲಿ, ಒಲೆಯ ಕೆಳಗೆ. ಗಂಡು ಬೆಕ್ಕೊಂದು ನೀಲಿ ಕುರ್ಚಿಗಳಿಗೆಲ್ಲ ದಿನವೂ ಉಚ್ಚೆ ಹೊಯ್ಯುತ್ತಿತ್ತು.

ಒಂದು ಬೆಳಿಗ್ಗೆ ಅರ್ಗಿರೊ ಮೆಲ್ಪೊ ಕಳಿಸಿದ್ದ ಔಷಧಿಯ ಪಾರ್ಸೆಲ್ ತೆಗೆದುಕೊಳ್ಳಲು ನನ್ನ ಅಂಗಡಿಗೆ ಬಂದು ಬೆಂಚಿನ ಮೇಲೆ ಕೂತಿದ್ದಳು. ವಾಂಗೆಲಿಯೊ ಒಳಗೆ ಬಂದಳು. ಅರ್ಗಿರೊಳನ್ನು ನೋಡಿ, ತಿರುಗಿ ಹೋಗುವುದು ನಾಚಿಕೆಗೇಡು ಎನಿಸಿತೇನೋ, ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು.

"ಸ್ತಮಾತಿಸ್," ಎಂದಳು ವಾಂಗೆಲಿಯೊ ಗೋಡೆ ನೋಡುತ್ತ, "ಅವಳಿಗೆ ಹೇಳು, ನಮ್ಮಲ್ಲಿ ಹತ್ತೊಂಬತ್ತು ಮರಿ ಇದಾವೆ ಅಂತ."

ನಾನು ಬಾಯಿ ತೆರೆಯುವ ಮೊದಲೇ ಅರ್ಗಿರೊ ಹೇಳಿದಳು: "ಸ್ತಮಾತಿಸ್, ಅವಳಿಗೆ ಹೇಳು, ನನಗೆ ಭುಜ ಹೋಗಿದೆ, ಕಿವಿ ಹೋಗಿಲ್ಲ ಅಂತ."

"ಮತ್ತೆ ಬೋನು ಇಡೋಕಾಗುತ್ತಾ ಅಂತ ಕೇಳು."

"ಆಗಲ್ಲ ಅಂತ ಹೇಳು. ಬೆಕ್ಕು ಬಿದ್ದ ಬೋನು ಎತ್ತೋಕೆ ಕೈ ಮೇಲೇಳಲ್ಲ."

"ಹೇಗೆ ಎತ್ತಬೇಕು ಅಂತ ತೋರಿಸಿದ್ರೆ ನಾನು ಎತ್ತುತ್ತೀನಿ ಅಂತ ಹೇಳು."

"ನೀನಾ?" ಅರ್ಗಿರೊ ಮೊದಲ ಸಲ ಅವಳ ಕಡೆ ತಿರುಗಿದಳು. "ಆಕ್ಟೋಪಸ್ ಕಲ್ಲಿಗೆ ಬಡಿದು ಮೆತ್ತಗೆ ಮಾಡೋಕೂ ಆಳು ಇಟ್ಕೊಂಡಿರೋಳು!"

"ಹಾಗಾದ್ರೆ ಬಾಯಲ್ಲಿ ಹೇಳು, ನಾನು ಮಾಡ್ತೀನಿ. ಚಿಕ್ಕಂದಿನಿಂದ ನೀನು ಹೇಳೋದು, ನಾನು ಮಾಡೋದೇ ಅಲ್ವೇನೇ?"

"ಯಾವಾಗ ಮಾಡಿದ್ದೀಯ? ನಾಟಕ ಆಡಬೇಡ."

"ನಿಮ್ಮಿಬ್ಬರಿಗೂ ಕಾಫಿ ತರಿಸ್ಲಾ?" ಎಂದು ನಾನು ಕೇಳಿದೆ.

"ನೀನು ಸುಮ್ಮನಿರು," ಎಂದರು ಇಬ್ಬರೂ.

ಅರ್ಗಿರೊ ಪಾರ್ಸೆಲ್ಲಿನ ದಾರವನ್ನು ಬೆರಳಿಗೆ ಸುತ್ತುತ್ತ ಯೋಚಿಸಿದಳು. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ; ಸಿಟ್ಟು ಮಾಡಿಕೊಳ್ಳಲೂ ಶಕ್ತಿ ಬೇಕು. "ಮರಿ ಕಣ್ಣು ಬಿಟ್ಟಿದಾವಾ?"

"ಬಿಟ್ಟಿದಾವೆ."

"ಹಾಗಾದ್ರೆ ಅವು ಹಾಲು ಬಿಡೋವರೆಗೂ ತಾಯಿನ ಹಿಡಿಯೋ ಹಾಗಿಲ್ಲ. ಇನ್ನು ಆರು ವಾರ. ಅಲ್ಲಿವರೆಗೆ ನಿನ್ನ ಅಳಿಯ ಕೈ ಕಟ್ಕೊಂಡಿರಬೇಕು."

"ಇರ್ತಾನೆ. ಇರದಿದ್ರೆ ಈ ಸಲ ಸ್ಟೇಷನ್ನಿಗೆ ನಾನು ಹೋಗ್ತೀನಿ."

ಜೂನ್‌ನಲ್ಲಿ ಮೆಲ್ಪೊ ಬಂದರು. ಅವರಿಗೂ ಕೂದಲು ಪೂರ್ತಿ ಬೆಳ್ಳಗಾಗಿತ್ತು, ಸಿಗರೇಟು ಬಿಟ್ಟಿದ್ದರು. ಮುರಿದ ಬೋನುಗಳನ್ನು ಅನೆಸ್ತಿಸ್ ಬಡಿದು ನೆಟ್ಟಗೆ ಮಾಡಿದ್ದ. ಅರ್ಗಿರೊ ಪೆಟ್ಟಿಗೆಯ ಮೇಲೆ ಕೂತು ಬೆರಳು ತೋರಿಸಿ ಹೇಳುವಳು, ಐವತ್ತೊಂಬತ್ತರ ವಾಂಗೆಲಿಯೊ ಏದುಸಿರು ಬಿಡುತ್ತ ಬೋನು ಎತ್ತುವಳು. ಮೊದಲ ದಿನ ಒಂದು ಬೆಕ್ಕು ಒಳಗಿನಿಂದ ಫೂತ್ಕರಿಸಿದಾಗ ಅವಳು ಬೋನನ್ನು ಕಾಲ ಮೇಲೆ ಬೀಳಿಸಿಕೊಂಡಳು. ಹೊದಿಕೆ ಹಾಕುವುದನ್ನು ಮರೆಯುತ್ತಿದ್ದಳು, ಬಂಗುಡೆಯನ್ನು ಬಾಗಿಲ ಬಳಿಯೇ ಇಡುತ್ತಿದ್ದಳು. ಆದರೂ ಹದಿನೇಳು ಆಯಿತು. ಮರಿಗಳಲ್ಲಿ ಆರನ್ನು ಮೆಲ್ಪೊ ಹಡಗಿನಲ್ಲಿ ಕೊಂಡೊಯ್ದು ಮನೆ ಹುಡುಕಿದರು. ಕೆಲವು ಕಾಯಿಲೆಯಿಂದ ಸತ್ತವು. ಉಳಿದವಕ್ಕೆ ಶರತ್ಕಾಲದಲ್ಲಿ ಕಿವಿ ಕತ್ತರಿಸಿದ್ದಾಯಿತು.

ಅವರಿಬ್ಬರ ಸ್ನೇಹ ಮೊದಲಿನ ಹಾಗೆ ಆಯಿತೆಂದು ನಾನು ಹೇಳಲಾರೆ. ಬೆಕ್ಕಿನ ಮಾತು ಬಿಟ್ಟು ಬೇರೆ ಮಾತು ಆಡುವುದನ್ನು ನಾನು ಕೇಳಿಲ್ಲ. ಥ್ರಾಸೊಸ್ ಈಗಲೂ ಅರ್ಗಿರೊ ಎದುರು ಬಂದರೆ ರಸ್ತೆಯ ಆಚೆ ಬದಿಗೆ ಹೋಗುತ್ತಾನೆ. ಮೇಲೂರಿನವರು ಈಗಲೂ ರಟ್ಟಿನ ಡಬ್ಬಿ ತಂದಿಡುತ್ತಾರೆ. ಒಮ್ಮೆ ನಾನು ಕೇಳಿದೆ:

"ಇದೆಲ್ಲ ಯಾವಾಗ ಮುಗಿಯುತ್ತೆ ಅಂತ ಅನ್ಸುತ್ತೆ ನಿಂಗೆ?"

"ನೆಲ ತೊಳೆಯೋಳನ್ನ ಕೇಳ್ತೀಯಲ್ಲ," ಎಂದಳು. "ನಾಳೆ ಮತ್ತೆ ಮೀನು ಬರುತ್ತೆ."

ಹೋದ ನವೆಂಬರಿನಲ್ಲಿ ಭುಜಕ್ಕೆ ಆಪರೇಷನ್ ಮಾಡಿಸಲೇಬೇಕೆಂದು ಡಾಕ್ಟರು ಹೇಳಿ, ಅವಳು ಮೊದಲ ಸಲ ಹತ್ತು ದಿನ ದ್ವೀಪ ಬಿಟ್ಟು ಥೆಸಲೊನಿಕಿಯ ತಂಗಿಯ ಮನೆಗೆ ಹೋದಳು. ಟಿಕೆಟ್ಟನ್ನು ನಾನೇ ಬರೆದೆ. ಹೋಗುವಾಗ ವಾಂಗೆಲಿಯೊಗೆ ತಟ್ಟೆ, ಮಾತ್ರೆ, ಯಾವ ಬೆಕ್ಕಿಗೆ ಯಾವುದು ಎಂದು ಹಡಗಿನ ಮೆಟ್ಟಿಲ ಮೇಲೆ ನಿಂತು ಹೇಳುತ್ತಲೇ ಇದ್ದಳು. ನಾವಿಕರು ಹಗ್ಗ ಬಿಚ್ಚುತ್ತೇವೆ ಎಂದು ಕೂಗಿದ ಮೇಲೆ ಒಳಗೆ ಹೋದಳು. ಆಸ್ಪತ್ರೆಯಿಂದ ಒಂದೇ ಒಂದು ಸಲ ನನ್ನ ಅಂಗಡಿಗೆ ಫೋನು ಮಾಡಿದಳು. ಅನೆಸ್ತಿಸ್ ಊಟ ಮಾಡುತ್ತಿದ್ದಾನಾ ಎಂದು ಕೇಳಿದಳು. ಬೆಕ್ಕಿನ ವಿಷಯ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ವಾಪಸ್ಸು ಬಂದದ್ದು ಒಂದು ಗುರುವಾರ, ಬೆಳಗಿನ ಹಡಗಿನಲ್ಲಿ. ತೋಳು ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿ. ಅನೆಸ್ತಿಸ್ ಚೀಲ ತೆಗೆದುಕೊಂಡ. ಆರೂವರೆ ಆಗಿತ್ತು. ಐಸ್ ಕಾರ್ಖಾನೆಯ ಹಿಂದಿನಿಂದ ತಟ್ಟೆಗಳ ಸದ್ದು, ಯಾವುದೋ ಬೆಕ್ಕನ್ನು ವಾಂಗೆಲಿಯೊ ಬಯ್ಯುತ್ತಿರುವುದು ಕೇಳುತ್ತಿತ್ತು. ಅರ್ಗಿರೊ ದಕ್ಕೆಯ ಮೇಲೆ ಒಂದು ಕ್ಷಣ ನಿಂತಳು. ಆ ಕಡೆ ಹೋಗುತ್ತಾಳೆ ಎಂದುಕೊಂಡೆ. ಅವಳು ಗಂಡನ ತೋಳು ಹಿಡಿದುಕೊಂಡು ಮನೆಯ ಕಡೆ ತಿರುಗಿದಳು. ಅಂದು ಮಧ್ಯಾಹ್ನ ಅನೆಸ್ತಿಸ್ ಊಟಕ್ಕೆ ಎಬ್ಬಿಸಲು ಹೋದರೆ ಏಳಲಿಲ್ಲವಂತೆ; ಬೂಟು ಕೂಡ ಬಿಚ್ಚದೆ, ಸಂಜೆಯವರೆಗೂ ಗೊರಕೆ ಹೊಡೆಯುತ್ತ ಮಲಗಿಯೇ ಇದ್ದಳಂತೆ.